ಬಿಸಿಲಲ್ಲಿ ಪಾಸಾದ ರನ್‌ವೇಗಳ ಬಗ್ಗೆ ಒಂದು ಬಹಿರಂಗ ಪತ್ರ

ವಿಮಾನ ನಿಲ್ದಾಣಗಳನ್ನು ನಡೆಸುವವರಿಗೆ, ಮತ್ತು ಅವರ ಕೆಲಸದ ಮೇಲೆ ಕಣ್ಣಿಡಬೇಕಾದ ವಿಮಾನಯಾನ ನಿಯಂತ್ರಕರಿಗೆ,

ಮಾನ್ಯರೇ,

ನಿಮ್ಮ ಕಚೇರಿಯಲ್ಲಿ ರನ್‌ವೇ ಘರ್ಷಣೆ ಪರೀಕ್ಷೆಯ ವರದಿ ಇದ್ದೇ ಇರುತ್ತದೆ. ಅದರ ಕೊನೆಯ ಪುಟದಲ್ಲಿ ಸಾಮಾನ್ಯವಾಗಿ ‘ತೃಪ್ತಿಕರ’ ಅಂತ ಬರೆದಿರುತ್ತದೆ. ದಯವಿಟ್ಟು ಒಂದು ಸಲ ಮೊದಲ ಪುಟ ತೆಗೆದು, ಪರೀಕ್ಷೆಯ ಹೊತ್ತಿನ ಹವಾಮಾನ ಏನಿತ್ತು ಅಂತ ನೋಡಿ. ನಾನು ಕಂಡ ಬಹುಪಾಲು ವರದಿಗಳಲ್ಲಿ ಅಲ್ಲಿರುವುದು ಒಂದೇ ಮಾತು: ಆಕಾಶ ಶುಭ್ರ, ರನ್‌ವೇ ಒಣ.

ನಾನು ಹಲವು ವರ್ಷ ಆ ಪರೀಕ್ಷೆಯ ಗಾಡಿ ಓಡಿಸಿದವನು. ಈ ವರದಿಗಳು ಸುಳ್ಳು ಅಂತ ಹೇಳುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಅಂಕಿಗಳು ನಿಜವೇ. ಆದರೆ ‘ಮಳೆ ಜೋರಾಗಿದೆ, ರನ್‌ವೇಯಲ್ಲಿ ಹಿಡಿತ ಹೇಗಿದೆ?’ ಅಂತ ಯಾರಾದರೂ ಕೇಳಿದಾಗ ನೀವು ತೋರಿಸುವುದು ಬಿಸಿಲಿನ ದಿನದ ವರದಿಯನ್ನು. ನನ್ನ ತಕರಾರು ಅಲ್ಲಿದೆ. ವಿಮಾನಗಳು ಯಾವ ಹವೆಯಲ್ಲಿ ಇಳಿಯುತ್ತವೋ ಆ ಹವೆಯಲ್ಲೂ ರನ್‌ವೇ ಪರೀಕ್ಷಿಸಿ, ಸಿಕ್ಕಿದ್ದನ್ನು ಮುಚ್ಚಿಡದೆ ಹೇಳಿ. ಇಷ್ಟೇ ನನ್ನ ಬೇಡಿಕೆ.

ಈ ಪರೀಕ್ಷೆ ಹೇಗೆ ನಡೆಯುತ್ತದೆ ಅಂತ ಗೊತ್ತಿಲ್ಲದವರೂ ಈ ಪತ್ರ ಓದಬಹುದು. ಅವರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ಒಂದು ಗಾಡಿ, ಅಥವಾ ಗಾಡಿಯ ಹಿಂದೆ ಎಳೆಯುವ ಚಿಕ್ಕ ಟ್ರೇಲರ್. ಅದರಲ್ಲಿ ಒಂದು ಅಳತೆ ಚಕ್ರ. ಗಾಡಿ ಓಡುವಾಗ ಆ ಚಕ್ರ ಪೂರ್ತಿ ಸಲೀಸಾಗಿ ಉರುಳುವುದಿಲ್ಲ. ಅರೆಬರೆ ಬ್ರೇಕ್ ಹಾಕಿದ ಹಾಗೆ ಸ್ವಲ್ಪ ಜಾರುತ್ತಲೇ ಉರುಳುತ್ತದೆ. ರಸ್ತೆ ಅದನ್ನು ಎಷ್ಟು ಬಲವಾಗಿ ಹಿಡಿದೆಳೆಯುತ್ತದೆ ಅನ್ನುವುದೇ ಅಳತೆ. ಟೈರಿನ ಮುಂದೆ ಒಂದು ನಳಿಕೆ ಇರುತ್ತದೆ. ಟ್ಯಾಂಕಿನ ನೀರನ್ನು ಅದು ನೆಲದ ಮೇಲೆ ಸರಿಯಾಗಿ 1 ಮಿ.ಮೀ. ದಪ್ಪಕ್ಕೆ ಹಾಸುತ್ತಾ ಹೋಗುತ್ತದೆ. ನಡುಗೆರೆಯಿಂದ ಸುಮಾರು 3 ಮೀಟರ್ ಪಕ್ಕಕ್ಕೆ, ಅಂದರೆ ವಿಮಾನದ ಚಕ್ರಗಳು ಜಾಸ್ತಿ ಓಡಾಡುವ ಜಾಗದಲ್ಲಿ, ಒಮ್ಮೆ ಗಂಟೆಗೆ 65 ಕಿ.ಮೀ. ವೇಗದಲ್ಲಿ, ಇನ್ನೊಮ್ಮೆ 95 ಕಿ.ಮೀ. ವೇಗದಲ್ಲಿ ಓಡಿಸುತ್ತೇವೆ. ಪರದೆಯ ಮೇಲೆ ಏರಿಳಿಯುವ ಗೆರೆ ಬರುತ್ತದೆ.

ಎರಡು ವೇಗ ಯಾಕೆ ಅಂದರೆ, ಒದ್ದೆ ನೆಲದಲ್ಲಿ ವೇಗ ಏರಿದಷ್ಟೂ ಹಿಡಿತ ಇಳಿಯುತ್ತದೆ. ಎಷ್ಟು ಬೇಗ ಇಳಿಯುತ್ತದೆ ಅನ್ನುವುದರಲ್ಲಿ ನೆಲದ ಗುಣ ಗೊತ್ತಾಗುತ್ತದೆ. ಗ್ರಿಪ್‌ಟೆಸ್ಟರ್ ಅನ್ನುವ ಯಂತ್ರದ ಲೆಕ್ಕ ತಗೊಳ್ಳಿ. 65 ಕಿ.ಮೀ. ವೇಗದಲ್ಲಿ ಹಿಡಿತದ ಅಂಕಿ 0.53ಕ್ಕಿಂತ ಕೆಳಗೆ ಬಂದರೆ ದುರಸ್ತಿಗೆ ಯೋಜನೆ ಹಾಕಬೇಕು, 0.43ಕ್ಕಿಂತ ಕೆಳಗೆ ಹೋದರೆ ಕನಿಷ್ಠ ಮಟ್ಟವೂ ತಪ್ಪಿತು. 95ರಲ್ಲಿ ಅವೇ ಗಡಿಗಳು 0.36 ಮತ್ತು 0.24. ಯಂತ್ರ ಬೇರೆಯಾದರೆ ಗಡಿಯೂ ಬೇರೆ. ಸ್ಕಿಡೋಮೀಟರ್‌ಗೆ 65ರ ಕನಿಷ್ಠ ಮಿತಿ 0.50, ಮ್ಯೂ-ಮೀಟರ್‌ಗೆ 0.42. ಹಾಗಾಗಿ ಯಾವ ಯಂತ್ರ, ಯಾವ ವೇಗ ಅಂತ ಹೇಳದೆ ‘ನಮ್ಮ ರನ್‌ವೇ ಅರ್ಧಕ್ಕಿಂತ ಮೇಲಿದೆ’ ಅಂತ ಸಭೆಯಲ್ಲಿ ಹೇಳುವುದಕ್ಕೆ ಏನೂ ಅರ್ಥವಿಲ್ಲ. ಹಾಗೆ ಹೇಳುವವರನ್ನು ನಾನು ಕಂಡಿದ್ದೇನೆ. ತಲೆಯಾಡಿಸಿದವರನ್ನೂ ಕಂಡಿದ್ದೇನೆ.

ಈಗ ಆ 1 ಮಿ.ಮೀ. ನೀರಿನ ವಿಷಯ. ಅದನ್ನು ಸುಮ್ನೆ ಇಟ್ಟದ್ದಲ್ಲ. ಹೋದ ವರ್ಷದ ರನ್‌ವೇಯನ್ನು ಈ ವರ್ಷದ ರನ್‌ವೇ ಜೊತೆ ಹೋಲಿಸಬೇಕಾದರೆ ನೀರಿನ ದಪ್ಪ ಒಂದೇ ಇರಬೇಕು. ನೆಲ ಸವೆಯುತ್ತಿದೆಯಾ, ರಬ್ಬರ್ ಕಟ್ಟುತ್ತಿದೆಯಾ, ಯಾವಾಗ ತೊಳೆಸಬೇಕು ಅನ್ನುವುದಕ್ಕೆ ಈ ಪದ್ಧತಿ ಒಳ್ಳೆಯದು. ಇದನ್ನು ಬಿಡಿ ಅಂತ ನಾನು ಖಂಡಿತ ಹೇಳುವುದಿಲ್ಲ.

ಆದರೆ ಮಳೆ ನಳಿಕೆಯಿಂದ ಬರುವುದಿಲ್ಲ ಅಲ್ವಾ? ರನ್‌ವೇಗೆ ನಡುವಿನಿಂದ ಎರಡೂ ಪಕ್ಕಕ್ಕೆ ಇಳಿಜಾರು ಇರುತ್ತದೆ. ದೊಡ್ಡ ವಿಮಾನಗಳ ರನ್‌ವೇಗೆ ಅದು ಶೇ. 1.5 ಇರಬೇಕು ಅನ್ನುವುದು ಅಂತರರಾಷ್ಟ್ರೀಯ ಶಿಫಾರಸು. ಮಳೆ ನೀರು ಈ ಇಳಿಜಾರಿನಲ್ಲಿ ಹರಿದು ಅಂಚಿಗೆ ಹೋಗಬೇಕು. ಹೋಗುವ ದಾರಿಯಲ್ಲಿ ಏನೇನು ಅಡ್ಡ ಬರುತ್ತದೆ ನೋಡಿ. ವರ್ಷಗಟ್ಟಲೆ ಚಕ್ರ ಓಡಿ ಒಂದೊಂದು ಕಡೆ ನೆಲ ಕುಗ್ಗಿರುತ್ತದೆ. ತೇಪೆ ಹಾಕಿದ ಜಾಗದ ಅಂಚು ಸ್ವಲ್ಪ ಎದ್ದಿರುತ್ತದೆ. ಪಕ್ಕದ ಹುಲ್ಲು ನೆಲ ಮಣ್ಣು ತುಂಬಿ ರನ್‌ವೇಗಿಂತ ಮೇಲೆ ಬಂದಿರುತ್ತದೆ, ನೀರು ಅಲ್ಲೇ ನಿಲ್ಲುತ್ತದೆ. ಅಡ್ಡಗಾಳಿ ಬೀಸಿದರೆ ಒಂದು ಪಕ್ಕದ ನೀರು ಇಳಿಯುವ ಬದಲು ಮೇಲಕ್ಕೆ ತಳ್ಳಿಸಿಕೊಳ್ಳುತ್ತದೆ. ಇದರಲ್ಲಿ ಒಂದೂ ಬಿಸಿಲಲ್ಲಿ ಕಾಣುವುದಿಲ್ಲ. ನಮ್ಮ ಗಾಡಿ ತನ್ನ ನೀರನ್ನು ತಾನೇ ಹಾಸಿಕೊಂಡು, ಅದರ ಮೇಲೆ ಓಡಿ, ‘ತೃಪ್ತಿಕರ’ ಅಂತ ಬರೆದುಕೊಂಡು ಬರುತ್ತದೆ.

ನೀರು 3 ಮಿ.ಮೀ. ದಾಟಿತು ಅಂದರೆ ಲೆಕ್ಕವೇ ಬೇರೆ. ಚಕ್ರದ ಕೆಳಗಿನ ನೀರಿಗೆ ಪಕ್ಕಕ್ಕೆ ಹೋಗಲು ಸಮಯ ಸಿಗದಿದ್ದರೆ ಅದು ಟೈರನ್ನೇ ಮೇಲೆತ್ತುತ್ತದೆ. ಇದೇ ಹೈಡ್ರೋಪ್ಲೇನಿಂಗ್. ನಾಸಾದ ವಾಲ್ಟರ್ ಹಾರ್ನ್ ಮತ್ತು ಅವರ ಜೊತೆಗಾರರು 1960ರ ದಶಕದಲ್ಲಿ ಇದಕ್ಕೊಂದು ಸರಳ ಲೆಕ್ಕ ಕೊಟ್ಟರು. ಟೈರಿನ ಗಾಳಿಯ ಒತ್ತಡವನ್ನು ಪಿಎಸ್‌ಐ ಲೆಕ್ಕದಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 9ರಿಂದ ಗುಣಿಸಿದರೆ ಎಷ್ಟು ನಾಟ್ ವೇಗದಲ್ಲಿ ಟೈರು ತೇಲಲು ಶುರುವಾಗುತ್ತದೆ ಅಂತ ಸಿಗುತ್ತದೆ. 200 ಪಿಎಸ್‌ಐ ಟೈರಿಗೆ ಅದು ಸುಮಾರು 127 ನಾಟ್, ಅಂದರೆ ಗಂಟೆಗೆ ಸುಮಾರು 235 ಕಿ.ಮೀ. ನೆಲ ಮುಟ್ಟಿದ ಕ್ಷಣದಲ್ಲಿ ಚಕ್ರ ಇನ್ನೂ ತಿರುಗುತ್ತಿರುವುದಿಲ್ಲ. ಆಗ ಗುಣಿಸಬೇಕಾದ ಅಂಕಿ 7.7ಕ್ಕೆ ಇಳಿಯುತ್ತದೆ, ತೇಲುವ ವೇಗ 109 ನಾಟ್ ಆಸುಪಾಸಿಗೆ ಬರುತ್ತದೆ. ಅನೇಕ ಜೆಟ್ ವಿಮಾನಗಳು ನೆಲ ಮುಟ್ಟುವುದೇ ಇದಕ್ಕಿಂತ ಜಾಸ್ತಿ ವೇಗದಲ್ಲಿ. ನಮ್ಮ ಗಾಡಿಯ ಟೈರಿನ ಒತ್ತಡವಾದರೋ ವಿಮಾನದ ಟೈರಿನ ಮುಂದೆ ಏನೇನೂ ಅಲ್ಲ. ಗಾಡಿಯ ಅಂಕಿಯನ್ನು ನೇರವಾಗಿ ವಿಮಾನಕ್ಕೆ ಅಂಟಿಸಲು ಆಗುವುದಿಲ್ಲ ಅನ್ನುವುದಕ್ಕೆ ಇದೂ ಒಂದು ಕಾರಣ.

ನೀರು ಅಷ್ಟು ನಿಲ್ಲದಿದ್ದರೂ ತೊಂದರೆ ತಪ್ಪಿದ್ದಲ್ಲ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 2015ರಲ್ಲೇ ವಿಮಾನ ಸಂಸ್ಥೆಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಒದ್ದೆ ರನ್‌ವೇಯಿಂದ ಆಚೆ ಹೋದ ವಿಮಾನಗಳ ದಾಖಲೆ ನೋಡಿದಾಗ, ಬ್ರೇಕ್ ಹಿಡಿತ ಲೆಕ್ಕಕ್ಕಿಂತ ಕಡಿಮೆ ಇದ್ದದ್ದು ಕಂಡಿತ್ತು. ರನ್‌ವೇ ತುಂಬಾ ಒದ್ದೆಯಾಗಿದ್ದು ನೀರು ಕೆರೆಯಂತೆ ನಿಂತಿಲ್ಲದ ಕೆಲವು ಸಂದರ್ಭಗಳಲ್ಲೂ, ನಿಲ್ಲಲು ಶೇ. 30ರಿಂದ 40ರಷ್ಟು ಹೆಚ್ಚು ದೂರ ಬೇಕಾಗಬಹುದು ಅಂತ ಅದು ಹೇಳಿತು. 2019ರಲ್ಲಿ ಮತ್ತೆ ಅದೇ ವಿಷಯಕ್ಕೆ ಹೊಸ ಸೂಚನೆ ಹೊರಡಿಸಬೇಕಾಯಿತು.

ಮಳೆಯಲ್ಲಿ ಪರೀಕ್ಷೆ ಅನ್ನುವುದು ನನ್ನ ತಲೆಯಲ್ಲಿ ಹುಟ್ಟಿದ್ದೂ ಅಲ್ಲ. ರನ್‌ವೇಯ ಯಾವುದಾದರೂ ಭಾಗದಲ್ಲಿ ನೀರು ಸರಿಯಾಗಿ ಹರಿಯುತ್ತಿಲ್ಲ ಅನ್ನಿಸಿದರೆ, ಆ ಊರಿನ ಮಳೆಯಂಥದೇ ಸ್ಥಿತಿಯಲ್ಲಿ, ನಿಜವಾದದ್ದೋ ಕೃತಕವಾದದ್ದೋ, ಪರೀಕ್ಷಿಸಿ ಅಂತ ಐಸಿಎಒ, ಅಂದರೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಹೇಳುತ್ತಲೇ ಬಂದಿದೆ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ತೊಂದರೆ ಇರುವುದು ಆ ‘ಅನ್ನಿಸಿದರೆ’ಯಲ್ಲಿ. ಮಳೆಯಲ್ಲಿ ಹೊರಗೆ ಹೋಗಿ ನೋಡದವರಿಗೆ ಯಾವತ್ತೂ ಏನೂ ಅನ್ನಿಸುವುದಿಲ್ಲ.

ನಾನು ಕೆಲಸ ಮಾಡಿದ ಒಂದು ಕಡೆ, ಮಳೆ ಬರುವಾಗ ಗಾಡಿ ಹೊರಡಿಸಲು ಅನುಮತಿ ಕೇಳಿದರೆ ಪ್ರತಿ ಸಲ ಒಂದೇ ಉತ್ತರ ಬರುತ್ತಿತ್ತು: ‘ಮಳೆ ನಿಲ್ಲಲಿ, ಆಮೇಲೆ ನೋಡೋಣ.’ ವಿಮಾನಗಳ ಸಾಲು ಕಾಯುತ್ತಿದೆ, ರನ್‌ವೇ ಬಿಟ್ಟುಕೊಡಲು ಆಗುವುದಿಲ್ಲ ಅನ್ನುವುದು ಕಾರಣ. ಆ ಒತ್ತಡ ಸುಳ್ಳಲ್ಲ. ಆದರೆ ಲೆಕ್ಕ ಹಾಕಿ ನೋಡಿ. 3 ಕಿ.ಮೀ. ರನ್‌ವೇಯನ್ನು 95 ಕಿ.ಮೀ. ವೇಗದಲ್ಲಿ ದಾಟಲು ಸುಮಾರು ಎರಡು ನಿಮಿಷ ಸಾಕು. ಒಂದೇ ಓಟ ಮಾಡಿದರೂ ಎಲ್ಲಿ ಗೆರೆ ಕುಸಿಯುತ್ತದೆ ಅಂತ ತಿಳಿಯುತ್ತದೆ. ರನ್‌ವೇ ಮೇಲೆ ಏನೋ ವಸ್ತು ಬಿದ್ದಿದೆ ಅಂತ ಪೈಲಟ್ ಹೇಳಿದರೆ ಹೋಗಿ ಎತ್ತಿಕೊಂಡು ಬರಲು ಸಮಯ ಕೊಡುತ್ತೀರಲ್ಲ, ಹಾಗೆಯೇ ಇದಕ್ಕೂ ಕೊಡಿ.

ಇನ್ನು ಸರಾಸರಿಯ ವಿಷಯ. ನನಗೆ ಕೋಪ ಬರುವುದು ಇಲ್ಲೇ. ಇಡೀ ರನ್‌ವೇಯ ಸರಾಸರಿ ತೆಗೆದರೆ ಯಾವ ರನ್‌ವೇಯೂ ಚೆನ್ನಾಗಿಯೇ ಕಾಣುತ್ತದೆ. ಮಧ್ಯದ ಒಂದು ಕಿಲೋಮೀಟರಿನಲ್ಲಿ ಚಕ್ರ ತಾಗುವುದೇ ಕಡಿಮೆ. ಅಲ್ಲಿ ಅಂಕಿ ಮೇಲಿರುತ್ತದೆ, ಅದು ಎರಡೂ ತುದಿಗಳ ಕುಸಿತವನ್ನು ಮುಚ್ಚಿಬಿಡುತ್ತದೆ. ನೂರು ಮೀಟರ್ ಉದ್ದದ ಕೆಟ್ಟ ತುಂಡು ಸಿಕ್ಕರೂ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು ಅನ್ನುವುದು ಐಸಿಎಒ ಮಾರ್ಗದರ್ಶನ. ಅದು ಸರಿಯೇ. ಗಂಟೆಗೆ ಇನ್ನೂರು ಕಿ.ಮೀ. ವೇಗದಲ್ಲಿರುವ ವಿಮಾನ ನೂರು ಮೀಟರನ್ನು ಎರಡು ಸೆಕೆಂಡಿನೊಳಗೆ ದಾಟುತ್ತದೆ. ಆದರೆ ಅಷ್ಟೂ ಹೊತ್ತು ಬ್ರೇಕ್ ಕೆಲಸ ಮಾಡದಿದ್ದರೆ ಆ ದೂರವನ್ನು ಮುಂದೆ ಎಲ್ಲೋ ತುಂಬಿಕೊಳ್ಳಬೇಕು. ಬಲ ಚಕ್ರ ಹಿಡಿದು ಎಡ ಚಕ್ರ ಜಾರಿದರೆ ಇನ್ನೂ ಕಷ್ಟ.

ವಿಮಾನ ನೆಲ ಮುಟ್ಟುವ ಟಚ್‌ಡೌನ್ ಜಾಗಕ್ಕೆ ಒಮ್ಮೆ ನಡೆದುಕೊಂಡೇ ಬನ್ನಿ. ದೂರದಿಂದ ಅದು ಕಪ್ಪು ಪಟ್ಟೆಗಳ ಹಾಗೆ ಕಾಣುತ್ತದೆ. ಪ್ರತಿ ವಿಮಾನ ಇಳಿದಾಗಲೂ ನಿಂತಿದ್ದ ಚಕ್ರ ಒಮ್ಮೆಲೇ ತಿರುಗಲು ಶುರುವಾಗುತ್ತದೆ, ಆ ಬಿಸಿಗೆ ಟೈರಿನ ರಬ್ಬರ್ ಕರಗಿ ನೆಲಕ್ಕೆ ಮೆತ್ತಿಕೊಳ್ಳುತ್ತದೆ. ಮಂಡಿಯೂರಿ ಕೂತು ಕೈ ಆಡಿಸಿ. ಪಕ್ಕದ ನೆಲ ಸ್ಯಾಂಡ್‌ಪೇಪರ್ ಹಾಗೆ ತರಿತರಿ ಇದ್ದರೆ, ಕಪ್ಪು ಪಟ್ಟೆ ನುಣ್ಣಗಿರುತ್ತದೆ. ನೀರು ಹರಿದುಹೋಗಲಿ ಅಂತ ಅಡ್ಡಡ್ಡ ಗೀರು, ಅಂದರೆ ಗ್ರೂವ್, ಕೊರೆದ ರನ್‌ವೇ ಆದರೆ ಉಗುರು ಇಟ್ಟು ನೋಡಿ. ಕೊರೆದಾಗ 6 ಮಿ.ಮೀ. ಅಗಲ, 6 ಮಿ.ಮೀ. ಆಳ ಇದ್ದ ಗೀರುಗಳು ಅಲ್ಲಿ ಅರ್ಧಕ್ಕರ್ಧ ತುಂಬಿರುವುದು ಕಾಣಬಹುದು. ಅದರ ಮೇಲೆ ಒಂದು ಬಾಟಲಿ ನೀರು ಸುರಿದರೆ ನೀರು ಇಂಗುವುದೂ ಇಲ್ಲ, ಬೇಗ ಹರಿಯುವುದೂ ಇಲ್ಲ, ಪದರವಾಗಿ ಕೂತಿರುತ್ತದೆ. ಹೈಡ್ರೋಪ್ಲೇನಿಂಗ್‌ಗೆ ಆಳದ ನೀರೇ ಬೇಕು ಅಂತಿಲ್ಲ. ಇಂಥ ನುಣುಪು ಜಾಗದಲ್ಲಿ ತೆಳ್ಳಗಿನ ಪದರವೇ ಸಾಕು, ಅದೂ ಕಡಿಮೆ ವೇಗದಲ್ಲೇ. ರನ್‌ವೇಯ ಬಿಳಿ ಬಣ್ಣದ ಗುರುತುಗಳಿಗೂ ಈ ಮಾತು ಅನ್ವಯಿಸುತ್ತದೆ.

ಆಚೆ ತುದಿಯನ್ನೂ ಮರೆಯಬೇಡಿ. ಗಾಳಿ ತಿರುಗಿದಾಗ ವಿಮಾನಗಳು ಆ ಕಡೆಯಿಂದ ಇಳಿಯುತ್ತವೆ. ಅಂದರೆ ಒಂದು ದಿಕ್ಕಿನಿಂದ ಇಳಿದ ವಿಮಾನ ಕೊನೆಯಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತುವ ಜಾಗವೇ ಇನ್ನೊಂದು ದಿಕ್ಕಿನ ರಬ್ಬರ್ ಮೆತ್ತಿದ ಜಾಗ.

ಬಹಳ ದಿನ ಒಣಗಿದ ಮೇಲೆ ಬರುವ ಮೊದಲ ಮಳೆ ಇದಕ್ಕಿಂತ ಮೋಸದ್ದು. ಧೂಳು, ರಬ್ಬರ್ ಪುಡಿ, ಎಣ್ಣೆಯ ಜಿಡ್ಡು ಎಲ್ಲ ನೀರಿನ ಜೊತೆ ಕಲಸಿ ಲೋಳೆಯಾಗುತ್ತದೆ. ಒಂದೆರಡು ಒಳ್ಳೆ ಮಳೆ ಬಿದ್ದರೆ ನೆಲ ತೊಳೆದು ಹಿಡಿತ ಮತ್ತೆ ಏರುತ್ತದೆ. ಹಾಗಾಗಿ ಮಳೆಗಾಲದ ಮಧ್ಯದಲ್ಲಿ ಬಂದ ಒಳ್ಳೆ ಅಂಕಿ ಮಳೆಗಾಲದ ಮೊದಲ ದಿನಕ್ಕೆ ಸಾಕ್ಷಿಯಲ್ಲ. ಪರೀಕ್ಷೆಯ ದಿನವನ್ನು ಕ್ಯಾಲೆಂಡರ್ ನೋಡಿ ನಿಗದಿ ಮಾಡುವ ಬದಲು ಹವಾಮಾನ ಮುನ್ಸೂಚನೆ ನೋಡಿ ನಿಗದಿ ಮಾಡಿ. ಎಷ್ಟು ದಿನಕ್ಕೊಮ್ಮೆ ಅನ್ನುವುದಕ್ಕೆ ಎಫ್‌ಎಎ ಪಟ್ಟಿಯೇ ಇದೆ. ರನ್‌ವೇಯ ಒಂದು ತುದಿಯಲ್ಲಿ ದಿನಕ್ಕೆ 15ರವರೆಗೆ ಜೆಟ್ ಇಳಿಯುವ ಕಡೆ ವರ್ಷಕ್ಕೊಮ್ಮೆ, 210 ದಾಟಿದರೆ ವಾರಕ್ಕೊಮ್ಮೆ. ಎಷ್ಟು ಸಲ ಅನ್ನುವುದನ್ನು ನೀವು ಪಾಲಿಸುತ್ತೀರಿ, ಒಪ್ಪುತ್ತೇನೆ. ರಬ್ಬರ್ ತೊಳೆಸಿದ ಮರುದಿನವೇ ಪರೀಕ್ಷೆ ಇಟ್ಟುಕೊಳ್ಳುವ ಜಾಣತನವೂ ಕೆಲವು ಕಡೆ ಇದೆ. ತೊಳೆಯುವ ಮೊದಲೂ ಒಮ್ಮೆ ಅಳೆಯದಿದ್ದರೆ, ಎಷ್ಟು ಕೆಟ್ಟ ರನ್‌ವೇ ಮೇಲೆ ಜನರನ್ನು ಇಳಿಸುತ್ತಿದ್ದೆವು ಅನ್ನುವುದೇ ಗೊತ್ತಾಗುವುದಿಲ್ಲ.

ಹೊಸ ಡಾಂಬರು ಹಾಕಿದ ರನ್‌ವೇ ಅಂದರೆ ಎಲ್ಲರಿಗೂ ಖುಷಿ. ಆದರೆ ಗ್ರೂವ್ ಕೊರೆಯುವ ಮೊದಲಿನ ಆ ದಿನಗಳನ್ನು ಗಮನಿಸಿ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 2006ರ ಕೊನೆ ಮತ್ತು 2007ರ ಮೊದಲಲ್ಲಿ ಹೊಸ ಪದರ ಹಾಕುವ ಕೆಲಸ ಹಂತಹಂತವಾಗಿ ನಡೆಯುತ್ತಿತ್ತು. ಕೆಲವು ಭಾಗಕ್ಕೆ ಇನ್ನೂ ಗ್ರೂವ್ ಇರಲಿಲ್ಲ. ಮಳೆ, ಗಾಳಿ ಸೇರಿದಾಗ ವಿಮಾನಗಳು ಜಾರಿದ ಘಟನೆಗಳು ಒಂದರ ಹಿಂದೆ ಒಂದು ವರದಿಯಾದವು. ಕೆಲವು ವಿಮಾನ ಸಂಸ್ಥೆಗಳು ತಾವಾಗಿಯೇ ಹಾರಾಟ ನಿಲ್ಲಿಸಿದ ಮೇಲೆ ರನ್‌ವೇ ಮುಚ್ಚಿ, ಗ್ರೂವ್ ಕೊರೆದು, ಮತ್ತೆ ತೆರೆದರು. ಅದೇ 2007ರ ಜುಲೈ 17ರಂದು ಬ್ರೆಜಿಲ್‌ನ ಕಾಂಗೋನ್ಯಾಸ್‌ನಲ್ಲಿ ಏರ್‌ಬಸ್ ಎ320 ಒಂದು ಒದ್ದೆ ರನ್‌ವೇ ದಾಟಿ ಹೋಗಿ 199 ಜನ ಸತ್ತರು. ಇದನ್ನು ಹೇಳುವಾಗ ಜಾಗ್ರತೆ ಬೇಕು. ಅಲ್ಲಿ ಒಂದು ಎಂಜಿನ್‌ನ ಥ್ರಸ್ಟ್ ಲಿವರ್, ಅಂದರೆ ಅದರ ಶಕ್ತಿ ಹೆಚ್ಚುಕಡಿಮೆ ಮಾಡುವ ಹಿಡಿ, ಇರಬೇಕಾದ ಕಡೆ ಇರಲಿಲ್ಲ ಅನ್ನುವುದು ತನಿಖೆಯ ಮುಖ್ಯ ಅಂಶ. ಎಲ್ಲವನ್ನೂ ರನ್‌ವೇ ತಲೆಗೆ ಕಟ್ಟುವುದು ತಪ್ಪು. ಆದರೂ ಆ ರನ್‌ವೇ ಕೆಲವೇ ವಾರಗಳ ಹಿಂದೆ ಹೊಸ ಪದರ ಹಾಕಿಸಿಕೊಂಡು ಗ್ರೂವ್ ಇಲ್ಲದೆಯೇ ತೆರೆದಿತ್ತು. ಹಿಂದಿನ ದಿನವೇ ಒಂದು ಚಿಕ್ಕ ವಿಮಾನ ಅಲ್ಲಿ ಜಾರಿ ರನ್‌ವೇಯಿಂದ ಹೊರಗೆ ಹೋಗಿತ್ತು.

ಹಿಮ ಬೀಳದ ಕಡೆಯವರು ಮುಂದಿನ ಒಂದು ಪ್ಯಾರಾ ಬಿಟ್ಟು ಓದಬಹುದು.

ಹಿಮದಲ್ಲಿ ನನ್ನ ವಾದ ಸ್ವಲ್ಪ ತಿರುಗುತ್ತದೆ. ಅಲ್ಲಿ ಪರೀಕ್ಷೆಯ ಕೊರತೆ ಇಲ್ಲ, ಅಂಕಿಯ ಮೇಲಿನ ನಂಬಿಕೆ ಜಾಸ್ತಿಯಾಗಿದ್ದೇ ತೊಂದರೆ. ಗಟ್ಟಿ ಮಂಜುಗಡ್ಡೆ, ಒತ್ತಿ ಕೂತ ಹಿಮದ ಮೇಲೆ ಯಂತ್ರ ಒಂದು ಮಟ್ಟಿಗೆ ಸರಿಯಾಗಿ ಹೇಳುತ್ತದೆ. ಅರೆ ಕರಗಿದ ಕೆಸರು ಹಿಮದಲ್ಲಿ, ಸಡಿಲ ಹಿಮದಲ್ಲಿ ಅಳತೆ ಚಕ್ರ ಹಿಮವನ್ನು ಸೀಳಿಕೊಂಡು ಹೋಗುತ್ತದೆ. ಆ ತಡೆಯನ್ನೂ ಅದು ಹಿಡಿತ ಅಂತಲೇ ಓದಿಬಿಡುತ್ತದೆ. ನಾರ್ವೆಯ ಅಪಘಾತ ತನಿಖಾ ಮಂಡಳಿ 2011ರಲ್ಲಿ ಚಳಿಗಾಲದ 30 ಘಟನೆಗಳನ್ನು ಒಟ್ಟಿಗೆ ನೋಡಿ ವರದಿ ಕೊಟ್ಟಿತು. ಎರಡನೇ ದಶಮಾಂಶದವರೆಗೆ ಅಂಕಿ ಹೇಳುವಷ್ಟು ನಿಖರತೆ ಈ ಯಂತ್ರಗಳಿಗೆ ಇಲ್ಲ ಅನ್ನುವುದು ಅದರ ದೊಡ್ಡ ತಕರಾರು. ಗಾಳಿಯ ಉಷ್ಣತೆ ಮತ್ತು ಇಬ್ಬನಿ ಬಿಂದುವಿನ (ಗಾಳಿಯ ತೇವ ನೀರಾಗಲು ಶುರುವಾಗುವ ಉಷ್ಣತೆ) ನಡುವಿನ ಅಂತರ 3 ಡಿಗ್ರಿಗಿಂತ ಕಡಿಮೆ ಇದ್ದರೆ ನೆಲ ಅಂದುಕೊಂಡದ್ದಕ್ಕಿಂತ ಜಾರುವುದು ಹೆಚ್ಚು ಅಂತಲೂ ಅದು ತೋರಿಸಿತು. ಸೊನ್ನೆಯ ಹತ್ತಿರದ ಮಂಜುಗಡ್ಡೆ ಮೇಲೆ ತೆಳ್ಳಗೆ ನೀರು ಒಸರುತ್ತದೆ. ಕೊರೆಯುವ ಚಳಿಯ ಒಣ ಮಂಜುಗಡ್ಡೆಗಿಂತ ಅದು ಅಪಾಯದ್ದು. ಒಂದು ಥರ್ಮಾಮೀಟರ್ ಕೆಲವು ಸಲ ದುಬಾರಿ ಗಾಡಿಗಿಂತ ಜಾಸ್ತಿ ಹೇಳುತ್ತದೆ. ಗಾಡಿ ಓಡಿಸಿ ಬದುಕಿದವನೇ ಈ ಮಾತು ಹೇಳುತ್ತಿದ್ದೇನೆ.

2005ರ ಡಿಸೆಂಬರ್ 8ರಂದು ಷಿಕಾಗೋದ ಮಿಡ್‌ವೇನಲ್ಲಿ ಹಿಮ ಬೀಳುತ್ತಿದ್ದಾಗ ಇಳಿದ ಬೋಯಿಂಗ್ 737 ಬೇಲಿ ಮುರಿದು ರಸ್ತೆಗೆ ಬಂತು. ಕಾರಿನಲ್ಲಿದ್ದ ಆರು ವರ್ಷದ ಮಗು ಸತ್ತಿತು. ರಿವರ್ಸ್ ಥ್ರಸ್ಟ್, ಅಂದರೆ ವೇಗ ಇಳಿಸಲು ಎಂಜಿನ್ ಬಲವನ್ನು ಎದುರು ದಿಕ್ಕಿಗೆ ತಿರುಗಿಸುವುದನ್ನು, ತಡವಾಗಿ ಬಳಸಿದ್ದು ಮುಖ್ಯ ಕಾರಣ ಅಂತ ತನಿಖೆ ಹೇಳಿತು. ಜೊತೆಗೆ, ಪೈಲಟ್‌ಗಳಿಗೆ ರನ್‌ವೇ ಬಗ್ಗೆ ಸಿಗುತ್ತಿದ್ದ ಮಾಹಿತಿ ಎಷ್ಟು ಕಲಸುಮೇಲೋಗರ ಅನ್ನುವುದೂ ಹೊರಬಂತು. ಅಲ್ಲಿಂದ ಶುರುವಾದ ಕೆಲಸವೇ ಮುಂದೆ ಬೆಳೆದು, 2021ರ ನವೆಂಬರ್ 4ರಿಂದ ಜಗತ್ತಿನೆಲ್ಲೆಡೆ ಬಂದ ಐಸಿಎಒ ವರದಿ ಪದ್ಧತಿ ಆಯಿತು. ಈಗ ರನ್‌ವೇಯನ್ನು ಮೂರು ಭಾಗ ಮಾಡಿ ಒಂದೊಂದಕ್ಕೂ 6ರಿಂದ 0ವರೆಗೆ ಕೋಡ್ ಕೊಡುತ್ತಾರೆ. ಒಣಗಿದ್ದರೆ 6. ಮಂಜುಗಡ್ಡೆ ಇದ್ದರೆ 1. ಅದರ ಮೇಲೆ ನೀರೂ ಇದ್ದರೆ 0. ಗಾಡಿಯ ಅಂಕಿಯನ್ನು ಪೈಲಟ್‌ಗೆ ನೇರವಾಗಿ ಓದಿ ಹೇಳುವುದು ನಿಂತಿತು, ಒಳ್ಳೆಯದೇ ಆಯಿತು.

ಈ ಪದ್ಧತಿಯಲ್ಲೇ ಮಳೆಗೂ ಜಾಗ ಇದೆ. ಸಾಮಾನ್ಯ ಒದ್ದೆ ರನ್‌ವೇಗೆ 5. ನೀರು 3 ಮಿ.ಮೀ. ದಾಟಿ ನಿಂತರೆ ನೇರವಾಗಿ 2. ಇನ್ನೊಂದು ವಿಷಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪರೀಕ್ಷೆಯಲ್ಲಿ ಘರ್ಷಣೆ ಕನಿಷ್ಠ ಮಟ್ಟಕ್ಕಿಂತ ಕೆಳಗೆ ಬಂದಿದ್ದರೆ, ಅದು ಸರಿಹೋಗುವವರೆಗೆ ರನ್‌ವೇಯನ್ನು ‘ಒದ್ದೆಯಾದಾಗ ಜಾರುವ ರನ್‌ವೇ’ ಅಂತ ಸಾರಬೇಕು. ಆಮೇಲೆ ಅದು ಒದ್ದೆಯಾದಾಗಲೆಲ್ಲ ಕೋಡ್ 3. ಕೋಡ್ 3 ಅಂದರೆ ಕೆಲವು ವಿಮಾನಗಳು ಭಾರ ಇಳಿಸಬೇಕು, ಕೆಲವು ಬೇರೆ ನಿಲ್ದಾಣಕ್ಕೆ ಹೋಗಬೇಕು, ವಿಮಾನ ಸಂಸ್ಥೆಗಳು ಫೋನ್ ಮಾಡಿ ಜಗಳ ಆಡುತ್ತವೆ. ಆದ್ದರಿಂದ ಆ ಅಂಕಿ ಸಿಗದ ಹಾಗೆ ಪರೀಕ್ಷೆ ಮಾಡುವ ಆಸೆ ಯಾರಿಗಾದರೂ ಬರುತ್ತದೆ. ನಿಯಂತ್ರಕರೇ, ಇದು ನಿಮಗೆ. ಕೆಟ್ಟ ಅಂಕಿ ತಂದ ನಿಲ್ದಾಣಕ್ಕೆ ನೋಟಿಸು, ಪರೀಕ್ಷೆಯನ್ನೇ ಸರಿಯಾಗಿ ಮಾಡದ ನಿಲ್ದಾಣಕ್ಕೆ ಶಾಬಾಸ್‌ಗಿರಿ ಅನ್ನುವ ಪರಿಸ್ಥಿತಿ ಇರುವ ತನಕ ಯಾರೂ ಮಳೆಯಲ್ಲಿ ಗಾಡಿ ತೆಗೆಯುವುದಿಲ್ಲ. ಮಳೆಯಲ್ಲಿ ಅಳೆದು, ಕೆಟ್ಟದ್ದನ್ನು ತಾನೇ ಸಾರಿದವರಿಗೆ ದಂಡ ಬೇಡ, ದುರಸ್ತಿಗೆ ದಿನಾಂಕ ಗೊತ್ತುಮಾಡಿ ಸಾಕು.

ಪೈಲಟ್‌ಗಳ ಮಾತನ್ನೂ ಈ ವರದಿಗಳ ಪಕ್ಕದಲ್ಲಿಡಿ. ‘ಬ್ರೇಕ್ ಹಿಡಿತ ಮಧ್ಯಮ’ ಅಂತ ಇಳಿದವರು ಹೇಳಿದ್ದು ಕಂಟ್ರೋಲ್ ಟವರ್‌ನಲ್ಲೇ ಉಳಿದು, ನಿರ್ವಹಣೆ ವಿಭಾಗಕ್ಕೆ ತಲುಪುವುದೇ ಇಲ್ಲ. ಹೊಸ ವಿಮಾನಗಳಲ್ಲಿ ಇಳಿದ ಮೇಲೆ ಬ್ರೇಕ್ ಎಷ್ಟು ಹಿಡಿಯಿತು ಅಂತ ವಿಮಾನವೇ ಲೆಕ್ಕ ಹಾಕುವ ವ್ಯವಸ್ಥೆ ಬಂದಿದೆ. ಆ ಮಾಹಿತಿಯನ್ನು ವಿಮಾನ ಸಂಸ್ಥೆಗಳಿಂದ ಕೇಳಿ ಪಡೆಯಿರಿ. ರನ್‌ವೇಯ ಎಷ್ಟನೇ ಮೀಟರಿನಲ್ಲಿ ಹಿಡಿತ ಬಿಟ್ಟಿತು, ಆಗ ಮಳೆ ಎಷ್ಟಿತ್ತು, ಗಾಳಿ ಯಾವ ಕಡೆಯಿಂದ ಇತ್ತು ಅಂತ ಜೋಡಿಸಿದರೆ, ಗಾಡಿ ಎಲ್ಲಿಗೆ ಕಳಿಸಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಇದಕ್ಕೆ ಹೊಸ ಯಂತ್ರ ಬೇಡ, ಹೊಸ ಕಾಯ್ದೆಯೂ ಬೇಡ. ಮುಂದಿನ ಒಣ ದಿನಗಳು ಮುಗಿದು ಮೊದಲ ಮಳೆ ಬಂದಾಗ, ಸಿಡಿಲಿಲ್ಲದಿದ್ದರೆ, ಎರಡು ವಿಮಾನಗಳ ನಡುವೆ ಗಾಡಿಗೆ ಒಂದು ಓಟದ ಜಾಗ ಕೊಡಿ. ನಳಿಕೆ ಬಂದ್ ಮಾಡಿ, ಬಿದ್ದ ನೀರಿನ ಮೇಲೇ ಓಡಿಸಿ. ಇನ್ನೊಬ್ಬರು ಅಂಚಿನಲ್ಲಿ ನಿಂತು ನೀರು ಎಲ್ಲಿ ನಿಲ್ಲುತ್ತಿದೆ ಅಂತ ಗುರುತು ಹಾಕಿಕೊಳ್ಳಲಿ, ಫೋಟೋ ತೆಗೆಯಲಿ. ಬಂದ ಗೆರೆಯನ್ನು ಸರಾಸರಿ ಮಾಡದೆ, ನೂರು ಮೀಟರ್ ತುಂಡುಗಳಾಗಿ, ಬಿಸಿಲಿನ ಗೆರೆಯ ಪಕ್ಕದಲ್ಲಿಟ್ಟು ನಿಮ್ಮ ವೆಬ್‌ಸೈಟಿನಲ್ಲಿ ಹಾಕಿ. ಎರಡೂ ಗೆರೆ ಒಂದರ ಮೇಲೊಂದು ಕೂತರೆ ನನ್ನ ಪತ್ರವನ್ನು ಕಸದ ಬುಟ್ಟಿಗೆ ಹಾಕಿಬಿಡಿ.

ಇಂತಿ,
ಹಿಂದೆ ರನ್‌ವೇ ಪರೀಕ್ಷೆಯ ಗಾಡಿ ಓಡಿಸಿದವನು